ಅಂತೆಕಂತೆಗೆ ಅಂಕ ಕಳೆದವರಿಗೆ

ಗೆ,
ಸಂಚಾಲಕರು ಹಾಗೂ ತೀರ್ಪುಗಾರರ ಮಂಡಳಿ,
ಸೃಜನಶೀಲ ಗದ್ಯ ಸ್ಪರ್ಧೆ

ವಿಷಯ: ಸ್ಪರ್ಧೆಯ ನಿಯಮಗಳು ಮತ್ತು ಅಂಕ ಕೊಡುವ ಕ್ರಮದ ಕುರಿತು

ಮಾನ್ಯರೇ,

ನಿಜವನ್ನು ಕಥೆಯ ರುಚಿಯಲ್ಲಿ ಹೇಳುವ ಬರಹಗಳ ಈ ಸಲದ ಸ್ಪರ್ಧೆಗೆ ಮೊದಲ ಸುತ್ತಿನ ಓದುಗರನ್ನಾಗಿ ನೀವು ನೇಮಿಸಿಕೊಂಡವರಲ್ಲಿ ನಾನೂ ಒಬ್ಬ. ನನ್ನ ಪಾಲಿಗೆ ಬಂದ 62 ಬರಹಗಳನ್ನು ಓದಿ ಒಂಬತ್ತನ್ನು ಆರಿಸಿ ನಿಮಗೆ ಕಳಿಸಿದ್ದೆ. ಫಲಿತಾಂಶ ಬಂದ ಮೇಲೆ ನಿಮಗೆ ಎರಡು ಪತ್ರ ಬರೆದೆ. ಮೊದಲನೆಯದಕ್ಕೆ ‘ಗಮನಿಸಲಾಗಿದೆ’ ಎಂಬ ಒಂದು ಪದದ ಉತ್ತರ ಬಂತು. ಎರಡನೆಯದಕ್ಕೆ ಬರವಣಿಗೆಯಲ್ಲಿ ಅದೂ ಬರಲಿಲ್ಲ. ಹಾಗಾಗಿ ಮೂರನೆಯದನ್ನು ನಾಲ್ಕು ಜನಕ್ಕೆ ಕಾಣುವ ಹಾಗೆ ಬರೆಯುತ್ತಿದ್ದೇನೆ. ಬರೆದವರ ಹೆಸರನ್ನಾಗಲೀ ಗುರುತನ್ನಾಗಲೀ ಇಲ್ಲಿ ಹೇಳುವುದಿಲ್ಲ. ದೂರು ಇರುವುದು ಅವರ ಮೇಲಲ್ಲ.

ಬಹುಮಾನ ವಿತರಣೆಯ ದಿನ ನಾನು ಮೂರನೇ ಸಾಲಿನಲ್ಲಿ ಕೂತಿದ್ದೆ. ಮೊದಲ ಬಹುಮಾನ ಪಡೆದ ಬರಹ ತಂದೆಯ ಕೊನೆಯ ರಾತ್ರಿಯದು. ತಂದೆ ಮಗನ ನಡುವೆ ನಡೆದ ಎರಡು ಪುಟದ ಮಾತುಕತೆ, ಕಿಟಕಿಯ ಹೊರಗೆ ಮಳೆ, ನಿಂತುಹೋದ ಗಡಿಯಾರ. ಓದುವಾಗ ನನಗೂ ಗಂಟಲು ಕಟ್ಟಿತ್ತು, ಅದನ್ನು ಒಂಬತ್ತರಲ್ಲಿ ಸೇರಿಸಿ ಕಳಿಸಿದವನೂ ನಾನೇ. ಬಹುಮಾನ ಪಡೆದವರು ವೇದಿಕೆಯ ಮೇಲೆ ನಿಂತು ನಗುತ್ತಲೇ ಹೇಳಿದರು: ‘ಆ ರಾತ್ರಿ ನಾನು ಅಲ್ಲಿ ಇರಲಿಲ್ಲ, ಬೇರೆ ಊರಲ್ಲಿದ್ದೆ. ಇದ್ದಿದ್ದರೆ ಏನು ಮಾತಾಡುತ್ತಿದ್ದೆವು ಅಂತ ಬರೆದುಕೊಂಡೆ.’ ಸಭೆ ಚಪ್ಪಾಳೆ ತಟ್ಟಿತು. ಸಂಚಾಲಕರು ಮೈಕ್ ತೆಗೆದುಕೊಂಡು, ‘ಸೃಜನಶೀಲತೆ ಅಂದರೆ ಇದೇ ನೋಡಿ’ ಅಂದರು.

ಆ ಲೇಖಕರ ಮೇಲೆ ನನಗೆ ಸಿಟ್ಟಿಲ್ಲ. ಮುಚ್ಚುಮರೆ ಇಲ್ಲದೆ ಹೇಳಿಕೊಂಡರು. ಹಾಗೆ ಬರೆಯಬಾರದು ಅಂತ ನಿಮ್ಮ ನಿಯಮಪತ್ರದಲ್ಲಿ ಎಲ್ಲೂ ಇರಲಿಲ್ಲ. ‘ಇದ್ದಿದ್ದರೆ’ ಎಂಬ ಆ ಒಂದು ಪದ ವೇದಿಕೆಯ ಮೇಲೆ ಬರುವ ಬದಲು ಬರಹದ ಮೊದಲ ಸಾಲಿನಲ್ಲಿ ಬಂದಿದ್ದರೆ ಅದು ಇನ್ನೂ ದೊಡ್ಡ ಬರಹವಾಗುತ್ತಿತ್ತು ಎಂಬುದಷ್ಟೇ ನನ್ನ ಸಂಕಟ. ಇಲ್ಲದ ರಾತ್ರಿಯನ್ನು ಮಗ ಕಟ್ಟಿಕೊಳ್ಳುತ್ತಿದ್ದಾನೆ ಅಂತ ಗೊತ್ತಿದ್ದೇ ಓದುವಾಗ ಆ ಮಳೆಗೂ ಗಡಿಯಾರಕ್ಕೂ ಬೇರೆಯೇ ಭಾರ ಬರುತ್ತದೆ.

ಇನ್ನೊಂದು ಬರಹದ ವಿಷಯಕ್ಕೆ ಬರುತ್ತೇನೆ. ನಾನು ಕಳಿಸಿದ ಒಂಬತ್ತರಲ್ಲಿ ನನ್ನ ಲೆಕ್ಕಕ್ಕೆ ಅದೇ ಮೊದಲನೆಯದು. ಅಜ್ಜಿಗೆ ಒಬ್ಬ ತಂಗಿ ಇದ್ದಳು, ಒಂದು ದಿನ ಮನೆ ಬಿಟ್ಟು ಹೋದಳು, ಆಮೇಲೆ ಮನೆಯಲ್ಲಿ ಯಾರೂ ಅವಳ ಹೆಸರೆತ್ತಲಿಲ್ಲ. ಉಳಿದದ್ದು ಒಂದು ಫೋಟೋ, ಎರಡು ಕಾಗದ. ಇಷ್ಟನ್ನೇ ಇಟ್ಟುಕೊಂಡು ಮೊಮ್ಮಗಳು ಹನ್ನೊಂದು ಪುಟ ಬರೆದಿದ್ದಾಳೆ. ಹಸ್ತಪ್ರತಿ ವಾಪಸು ಬಂದಾಗ ಅಂಚಿನಲ್ಲಿ ಕೆಂಪು ಶಾಯಿಯ ಟಿಪ್ಪಣಿ ಇತ್ತು: ‘ಅಂತೆಕಂತೆ ಹೆಚ್ಚಾಯಿತು. ನಿರೂಪಣೆಯಲ್ಲಿ ದೃಢತೆ ಇಲ್ಲ.’ 20ಕ್ಕೆ 7 ಅಂಕ.

ಈ ಪತ್ರ ಬರೆಯಲು ಕೂತದ್ದು ಆ ಟಿಪ್ಪಣಿಯಿಂದಾಗಿ.

ಮಾನ್ಯರೇ, ‘ಬಂದಳು’ ಅಂದರೆ ನಾನು ಕಂಡೆ, ಇಲ್ಲವೇ ನನಗೆ ಖಚಿತ. ‘ಬಂದಳಂತೆ’ ಅಂದರೆ ಯಾರೋ ಹೇಳಿದ್ದು, ಹೊಣೆ ಅವರದು. ‘ಬಂದಿರಬೇಕು’ ಅಂದರೆ ಕುರುಹು ಸಿಕ್ಕಿದೆ, ಊಹೆ ನನ್ನದು. ‘ಬಂದಿರಬಹುದು’ ಅಂದರೆ ಕುರುಹೂ ಇಲ್ಲ, ಆಗದ ಮಾತೇನಲ್ಲ ಅಷ್ಟೆ. ‘ಬಂದಳೋ ಏನೋ’ ಅಂದರೆ ನನ್ನನ್ನು ಕೇಳಲೇಬೇಡಿ. ಇಂಗ್ಲಿಷಿನಲ್ಲಿ ಬರೆಯುವವರು ಇದರಲ್ಲಿ ಅರ್ಧದಷ್ಟನ್ನು ಹೇಳಬೇಕಾದರೂ ಬೇರೆ ಪದಗಳನ್ನು ತಂದು ಜೋಡಿಸಬೇಕು. ನಮಗೆ ಕ್ರಿಯಾಪದದ ಬಾಲದಲ್ಲೇ ಎಲ್ಲ ಇದೆ. ಕಂಡದ್ದು, ಕೇಳಿದ್ದು, ಊಹಿಸಿದ್ದು ಮೂರನ್ನೂ ಬೇರೆ ಬೇರೆ ಮಾಡಿ ಇಡುವ ಅನುಕೂಲವನ್ನು ಭಾಷೆಯೇ ಮಾಡಿಕೊಟ್ಟಿದೆ. ನಿಜವನ್ನು ಕಥೆಯ ರುಚಿಯಲ್ಲಿ ಹೇಳಹೊರಟವರಿಗೆ ಇದಕ್ಕಿಂತ ಹದವಾದ ಸಾಧನ ಸಿಗುವುದು ಕಷ್ಟ.

ಆ ಹನ್ನೊಂದು ಪುಟಗಳಲ್ಲಿ ಆಕೆ ಅದನ್ನು ಹೇಗೆ ಬಳಸಿದ್ದಾಳೆ ಎಂಬುದನ್ನು ನಿಮ್ಮಲ್ಲಿ ಯಾರಾದರೂ ಗಮನಿಸಿದಿರೋ ಇಲ್ಲವೋ ತಿಳಿಯದು. ಮೊದಲ ಹತ್ತು ಪುಟಗಳಲ್ಲಿ ಚಿಕ್ಕಜ್ಜಿಯ ಕುರಿತ ಯಾವ ವಾಕ್ಯವೂ ‘ಅಂತೆ’ ಇಲ್ಲದೆ ಮುಗಿಯುವುದಿಲ್ಲ. ಚೆನ್ನಾಗಿ ಹಾಡುತ್ತಿದ್ದಳಂತೆ. ಕೋಪ ಬಂದರೆ ಊಟ ಬಿಡುತ್ತಿದ್ದಳಂತೆ. ಹೋದ ದಿನ ಯಾರೂ ಬಾಗಿಲ ಸದ್ದು ಕೇಳಲಿಲ್ಲವಂತೆ. ಓದುತ್ತ ಓದುತ್ತ ಆ ಹೆಂಗಸು ಬೇರೆಯವರ ಬಾಯಲ್ಲಷ್ಟೇ ಉಳಿದಿದ್ದಾಳೆ ಎಂಬುದು ಯಾರೂ ಹೇಳದೆಯೇ ಅರಿವಿಗೆ ಬರುತ್ತದೆ. ಹನ್ನೊಂದನೇ ಪುಟದಲ್ಲಿ ಮೊಮ್ಮಗಳು ಕಾಗದ ಬಿಚ್ಚುತ್ತಾಳೆ: ‘ಅಕ್ಷರ ಗುಂಡಗಿವೆ. ಸಾಲು ಬಲಕ್ಕೆ ಇಳಿಯುತ್ತದೆ.’ ಅಲ್ಲಿ ‘ಅಂತೆ’ ಇಲ್ಲ. ಹತ್ತು ಪುಟ ಗಾಳಿಯಲ್ಲಿದ್ದವಳು ಆ ಎರಡು ವಾಕ್ಯಗಳಲ್ಲಿ ನೆಲಕ್ಕೆ ಕಾಲಿಡುತ್ತಾಳೆ. ಅಂತೆಗಳನ್ನು ಕತ್ತರಿಸಿ ‘ದೃಢತೆ’ ತುಂಬಿದ್ದರೆ ಆ ವಾಕ್ಯಗಳು ಸತ್ತೇಹೋಗುತ್ತಿದ್ದವು.

ಇದೇನೂ ಹೊಸ ಪ್ರಯೋಗವಲ್ಲ. ಅಮೆರಿಕದ ಲೇಖಕಿ ಮ್ಯಾಕ್ಸಿನ್ ಹಾಂಗ್ ಕಿಂಗ್‌ಸ್ಟನ್ 1976ರಲ್ಲಿ ಪ್ರಕಟಿಸಿದ ನೆನಪಿನ ಪುಸ್ತಕ ಶುರುವಾಗುವುದೇ ಮನೆಯವರು ಹೆಸರೆತ್ತದ ಒಬ್ಬ ಅತ್ತೆಯಿಂದ. ತಾಯಿ ಹೇಳಿದ್ದು ಸ್ವಲ್ಪ. ಉಳಿದದ್ದನ್ನು ಲೇಖಕಿ ‘ಬಹುಶಃ ಹೀಗಾಗಿರಬಹುದು, ಅಥವಾ ಹಾಗೆ’ ಎನ್ನುತ್ತ ನಮ್ಮೆದುರಿಗೇ ಊಹಿಸುತ್ತಾ ಹೋಗುತ್ತಾರೆ. ಒಂದು ಊಹೆ ಹಿಡಿಸದಿದ್ದರೆ ಅದನ್ನು ಬಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಾರೆ. ಆ ಪುಸ್ತಕಕ್ಕೆ ಅಮೆರಿಕದ ವಿಮರ್ಶಕರ ಬಳಗದ ಬಹುಮಾನ ಬಂತು, ಅದೂ ಕಥನೇತರ ವಿಭಾಗದಲ್ಲಿ, ಅಂದರೆ ಕಲ್ಪಿಸದೆ ನಡೆದದ್ದನ್ನು ಬರೆದ ಪುಸ್ತಕಗಳ ಸಾಲಿನಲ್ಲಿ. ನಿಮ್ಮ ಸ್ಪರ್ಧೆಗೆ ಬಂದಿದ್ದರೆ ಅದಕ್ಕೂ 20ಕ್ಕೆ 7 ಬೀಳುತ್ತಿತ್ತೇನೋ.

ನಿಮ್ಮ ಪ್ರಕಟಣೆಯಲ್ಲಿ ‘ಸೃಜನಶೀಲ ಗದ್ಯ’ ಎಂದಿದೆ. ಇಂಗ್ಲಿಷಿನಲ್ಲಿ ಇದಕ್ಕಿರುವ ಹೆಸರು ಕ್ರಿಯೇಟಿವ್ ನಾನ್‌ಫಿಕ್ಷನ್. ಅದರಲ್ಲಿ ಮೊದಲರ್ಧವನ್ನು ಇಟ್ಟುಕೊಂಡು ಎರಡನೆಯರ್ಧವನ್ನು ನೀವು ಉದುರಿಸಿಬಿಟ್ಟಿದ್ದೀರಿ. ಉದುರಿದ್ದೇ ಮುಖ್ಯವಾದದ್ದು. ‘ಸೃಜನಶೀಲ’ ಎಂಬುದು ಹೇಳುವ ರೀತಿಗೆ ಸೇರಿದ ಮಾತು, ‘ಕಥನೇತರ’ ಎಂಬುದು ಓದುಗನಿಗೆ ಕೊಟ್ಟ ಮಾತು.

ಹೇಳುವ ರೀತಿಗೆ ಕಥೆಯಿಂದ ಏನೇನು ಕಡ ತರಬಹುದು ಎಂಬುದು ಎಂದೋ ಚರ್ಚೆಯಾಗಿದೆ. ಅಮೆರಿಕದ ಪತ್ರಕರ್ತ ಟಾಮ್ ವುಲ್ಫ್ 1973ರಲ್ಲಿ ಹೊಸ ಬಗೆಯ ಪತ್ರಿಕಾ ಬರವಣಿಗೆಯ ಸಂಕಲನವೊಂದಕ್ಕೆ ಮುನ್ನುಡಿ ಬರೆಯುತ್ತ ನಾಲ್ಕನ್ನು ಹೆಸರಿಸಿದ: ವರದಿ ಒಪ್ಪಿಸದೆ ದೃಶ್ಯದಿಂದ ದೃಶ್ಯಕ್ಕೆ ನಡೆಯುವುದು, ಆಡಿದ ಮಾತನ್ನು ಸಂಭಾಷಣೆಯಾಗಿಯೇ ಕೊಡುವುದು, ಘಟನೆಯನ್ನು ಅದರೊಳಗಿದ್ದ ಒಬ್ಬರ ಕಣ್ಣಿನಿಂದ ತೋರಿಸುವುದು, ಉಡುಗೆ ತೊಡುಗೆ ಪೀಠೋಪಕರಣ ನಡೆನುಡಿಗಳಂಥ ಸಣ್ಣ ವಿವರಗಳಿಂದ ಮನುಷ್ಯನ ಅಂತಸ್ತನ್ನು ಕಾಣಿಸುವುದು. ನಿಮ್ಮ ಅಂಕಪಟ್ಟಿಯಲ್ಲೂ ‘ದೃಶ್ಯ ಕಟ್ಟುವಿಕೆ’, ‘ಸಂಭಾಷಣೆ’, ‘ವಿವರ’ ಅಂತ ಮೂರು ಕಾಲಂ ಇವೆ. ಒಳ್ಳೆಯದೇ. ಆದರೆ ಆ ಸಂಭಾಷಣೆ ಎಲ್ಲಿಂದ ಬಂತು ಅಂತ ಕೇಳುವ ಕಾಲಂ ಇಲ್ಲ. ವುಲ್ಫ್ ಹೇಳಿದ್ದು ಜನರ ಜೊತೆ ದಿನಗಟ್ಟಲೆ ಇದ್ದು, ಕಿವಿಯಾರೆ ಕೇಳಿ ಬರೆದುಕೊಂಡ ಮಾತಿನ ಕುರಿತು.

ಆಳವಾಗಿ ಕೇಳಿ ತಿಳಿದರೆ ಎಂಥ ದೃಶ್ಯ ಹುಟ್ಟುತ್ತದೆ ಎಂಬುದಕ್ಕೆ ಪತ್ರಕರ್ತ ಜಾನ್ ಹರ್ಸಿಯ ‘ಹಿರೋಶಿಮಾ’ ಸಾಕು. 1946ರ ಆಗಸ್ಟ್ 31ರ ‘ನ್ಯೂಯಾರ್ಕರ್’ ಸಂಚಿಕೆ ಇಡಿಯಾಗಿ ಅದಕ್ಕೇ ಮೀಸಲಾಗಿತ್ತು. ಬಾಂಬಿನಿಂದ ಪಾರಾದ ಆರು ಜನರ ಕಥನ. ಶುರುವಿಗೆ ಗುಮಾಸ್ತೆಯೊಬ್ಬಳು ಪಕ್ಕದ ಮೇಜಿನ ಹುಡುಗಿಯೊಂದಿಗೆ ಮಾತಾಡಲು ಕತ್ತು ತಿರುಗಿಸುತ್ತಿದ್ದಾಳೆ. ಆಕಾಶದಲ್ಲಿ ಬೆಳಕು ಮಿಂಚಿದ್ದು ಆಗ. ಆ ಕತ್ತು ತಿರುಗಿಸಿದ್ದನ್ನು ಹರ್ಸಿ ಕಂಡಿರಲಿಲ್ಲ. ಬದುಕಿ ಉಳಿದವಳನ್ನು ಕೇಳಿ ತಿಳಿದ. ಕಾದಂಬರಿಕಾರ ಇನ್ನೂ ನಾಟಕೀಯವಾದ ಒಂದು ಕ್ಷಣವನ್ನು ಆರಿಸುತ್ತಿದ್ದ. ಆ ಸಾದಾ ಚಲನೆ ಮೈ ನಡುಗಿಸುವುದು ಅದು ನಡೆದದ್ದು ಎಂಬ ಕಾರಣಕ್ಕೆ. ಕಲ್ಪಿಸಿದ್ದು ಅಂತ ಗೊತ್ತಾದ ಗಳಿಗೆಯಲ್ಲೇ ಅದು ಬರೀ ಕತ್ತು.

ಇನ್ನು ಅಮೆರಿಕದ ಕಾದಂಬರಿಕಾರ ಟ್ರೂಮನ್ ಕಪೋಟಿ. ಕನ್ಸಾಸ್‌ನ ಹಳ್ಳಿಯೊಂದರಲ್ಲಿ 1959ರಲ್ಲಿ ಒಂದೇ ಮನೆಯ ನಾಲ್ವರ ಕೊಲೆಯಾದದ್ದನ್ನು ಕುರಿತು ವರ್ಷಗಟ್ಟಲೆ ವಿಚಾರಿಸಿ ಬರೆದ ಪುಸ್ತಕ 1966ರಲ್ಲಿ ಬಂತು. ಅದನ್ನು ‘ನಾನ್‌ಫಿಕ್ಷನ್ ಕಾದಂಬರಿ’ ಎಂದು ಕರೆದ, ಅದರಲ್ಲಿ ಸುಳ್ಳಿಲ್ಲ ಎಂದ. ಕೊನೆಯಲ್ಲಿ ತನಿಖಾಧಿಕಾರಿ ಸ್ಮಶಾನದಲ್ಲಿ ನಿಂತಿರುವಾಗ, ಸತ್ತ ಹುಡುಗಿಯ ಗೆಳತಿ ಬಂದು ಮಾತಾಡಿ ಹೋಗುವ ದೃಶ್ಯವಿದೆ. ಅಂಥ ಭೇಟಿ ನಡೆದೇ ಇರಲಿಲ್ಲ ಎಂಬುದು ಆಮೇಲೆ ಹೊರಬಿತ್ತು. ದೃಶ್ಯ ಚೆನ್ನಾಗಿದೆ, ಅದೇ ತೊಂದರೆ. ಇವತ್ತಿಗೂ ಆ ಪುಸ್ತಕದ ಮಾತು ಬಂದರೆ ಆ ಸ್ಮಶಾನದ ಮಾತೂ ಬರುತ್ತದೆ. ಹಿಂದಿನ ನೂರಾರು ಪುಟಗಳ ದುಡಿಮೆಯ ಮೇಲೆ ಆ ಕೆಲವೇ ಪುಟಗಳ ನೆರಳು ಬಿದ್ದಿದೆ.

ಇದಕ್ಕಿಂತ ನೇರವಾದ ಮೋಸಗಳೂ ನಡೆದಿವೆ. ಎಂಟು ವರ್ಷದ ಹೆರಾಯಿನ್ ವ್ಯಸನಿ ಬಾಲಕನೊಬ್ಬನ ಕುರಿತ ಪತ್ರಿಕಾ ಬರಹಕ್ಕೆ 1981ರಲ್ಲಿ ಅಮೆರಿಕದ ಪುಲಿಟ್ಜರ್ ಬಹುಮಾನ ಬಂದು, ಅಂಥ ಬಾಲಕನೇ ಇಲ್ಲವೆಂದು ತಿಳಿದು ಕೆಲವೇ ದಿನಗಳಲ್ಲಿ ವಾಪಸಾಯಿತು. ಜೇಮ್ಸ್ ಫ್ರೇ ಬರೆದ ನೆನಪಿನ ಪುಸ್ತಕದಲ್ಲಿ ಜೈಲುವಾಸ ಕೆಲವು ಗಂಟೆಗಳಿಂದ ತಿಂಗಳುಗಳಿಗೆ ಹಿಗ್ಗಿದ್ದು 2006ರಲ್ಲಿ ಬಯಲಾದಾಗ, ಪ್ರಕಾಶಕರು ಕೊಂಡವರಿಗೆ ಹಣ ವಾಪಸು ಕೊಡುವುದಾಗಿ ಹೇಳಬೇಕಾಯಿತು. ನಿಮ್ಮ ಬಹುಮಾನಿತರನ್ನು ಇಂಥವರ ಸಾಲಿನಲ್ಲಿ ನಿಲ್ಲಿಸುವ ಉದ್ದೇಶ ನನಗೆ ಖಂಡಿತ ಇಲ್ಲ. ಅಳತೆಗೋಲು ಇಲ್ಲದ ಕಡೆ ಒಳ್ಳೆಯ ಬರಹಗಾರರೂ ಜಾರುತ್ತಾರೆ ಎಂಬುದಕ್ಕೆ ಹೇಳಿದೆ.

ನನ್ನ ಎರಡನೇ ಪತ್ರ ತಲುಪಿದ ಮೇಲೆ ನಿಮ್ಮಲ್ಲೊಬ್ಬರು ಫೋನಿನಲ್ಲಿ ನನಗೆ, ‘ಸಾಹಿತ್ಯ ಅಂದಮೇಲೆ ಸ್ವಲ್ಪ ಹೆಚ್ಚುಕಮ್ಮಿ ಇದ್ದೇ ಇರುತ್ತೆ, ನಾವೇನು ಪೊಲೀಸರೇ? ಅಲ್ಲದೆ ನೆನಪು ಅನ್ನೋದೇ ಅರ್ಧ ಕಲ್ಪನೆ’ ಅಂದಿರಿ. ಎರಡನೆಯ ಮಾತು ತೂಕದ್ದು, ಒಪ್ಪುತ್ತೇನೆ. 1986ರಲ್ಲಿ ಚಾಲೆಂಜರ್ ಗಗನನೌಕೆ ಸಿಡಿದ ಮರುದಿನ ಮನಶ್ಶಾಸ್ತ್ರಜ್ಞ ಅಲ್ರಿಕ್ ನೈಸರ್, ಸುದ್ದಿ ಕೇಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು ಎಂದು ವಿದ್ಯಾರ್ಥಿಗಳಿಂದ ಬರೆಸಿಕೊಂಡಿದ್ದರು. ಸುಮಾರು ಎರಡೂವರೆ ವರ್ಷದ ಮೇಲೆ ಅವರಲ್ಲಿ 44 ಜನರನ್ನು ಮತ್ತೆ ಕೇಳಿದಾಗ 11 ಜನರ ಉತ್ತರದಲ್ಲಿ ಮುಖ್ಯ ವಿವರ ಒಂದೂ ಸರಿಯಿರಲಿಲ್ಲ. ತಪ್ಪು ಹೇಳಿದವರಲ್ಲಿ ಹಲವರಿಗೆ ತಮ್ಮ ನೆನಪಿನ ಮೇಲೆ ಪೂರ್ತಿ ಭರವಸೆಯಿತ್ತು. ಹಾಗಿರುವಾಗ ನಾಲ್ಕನೇ ವಯಸ್ಸಿನ ಮಾತುಕತೆಯನ್ನು ಉದ್ಧರಣ ಚಿಹ್ನೆ ಹಾಕಿ ಬರೆದವರನ್ನು ನಂಬುವುದು ಹೇಗೆ? ನೆನಪು ಕೈಕೊಡುತ್ತದೆ ಎಂಬುದರಿಂದ ‘ಹಾಗಾದರೆ ಏನು ಬೇಕಾದರೂ ಬರೆಯಬಹುದು’ ಎಂಬ ತೀರ್ಮಾನಕ್ಕೆ ನೀವು ಹೋಗುತ್ತೀರಿ. ಹಾಗಾದರೆ ‘ಅಂತೆ’, ‘ಇರಬಹುದು’ಗಳನ್ನು ಕೈಬಿಡುವ ಹಾಗಿಲ್ಲ ಎಂಬುದು ನನ್ನ ತೀರ್ಮಾನ. ಮರೆತು ತಪ್ಪಾಗಿ ಬರೆಯುವುದು ಒಂದು, ಗೊತ್ತಿದ್ದು ಕಟ್ಟುವುದು ಇನ್ನೊಂದು. ಮೊದಲನೆಯದಕ್ಕೆ ಓದುಗ ಕ್ಷಮಿಸುತ್ತಾನೆ, ಎರಡನೆಯದಕ್ಕೆ ಮೊದಲೇ ಹೇಳಿದ್ದರೆ ಮಾತ್ರ.

ನಮ್ಮ ಹಿರಿಯರು ಇದನ್ನು ಪುಸ್ತಕದ ಹೆಸರಿನಲ್ಲೇ ಹೇಳಿಬಿಟ್ಟಿದ್ದಾರೆ. ಡಿ.ವಿ.ಜಿ. ತಾವು ಕಂಡ ವ್ಯಕ್ತಿಗಳ ಕುರಿತು ಬರೆದ ಸಂಪುಟಗಳಿಗೆ ‘ಜ್ಞಾಪಕ ಚಿತ್ರಶಾಲೆ’ ಎಂದು ಹೆಸರಿಟ್ಟರು. ಕುವೆಂಪು ಆತ್ಮಕಥೆ ‘ನೆನಪಿನ ದೋಣಿಯಲ್ಲಿ’. ತೇಜಸ್ವಿ ತಂದೆಯ ಕುರಿತು ಬರೆದದ್ದು ‘ಅಣ್ಣನ ನೆನಪು’. ಮೂವರೂ ಹೊಸ್ತಿಲಲ್ಲೇ ನಿಂತು, ಇದು ನೆನಪು, ದಾಖಲೆ ಅಂತ ಓದಬೇಡಿ ಅನ್ನುತ್ತಿದ್ದಾರೆ ಎಂದೇ ನನಗೆ ಕೇಳಿಸುತ್ತದೆ. ಅವರಿಗೆ ದೃಢತೆ ಕಡಿಮೆ ಇತ್ತು ಎಂದು ಕೆಂಪು ಶಾಯಿಯಲ್ಲಿ ಬರೆಯುವಿರಾ?

ಪ್ರಕಾರಗಳ ಕುರಿತೂ ಒಂದು ಮಾತಿದೆ. ಆತ್ಮಕಥೆಯ ತುಣುಕು, ವ್ಯಕ್ತಿಚಿತ್ರ, ಪ್ರವಾಸ ಕಥನ, ಲಲಿತ ಪ್ರಬಂಧ, ನುಡಿಚಿತ್ರ, ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಿ ಒಂದೇ ಅಂಕಪಟ್ಟಿಯಲ್ಲಿ ತೂಗಿದ್ದೀರಿ. ಲಲಿತ ಪ್ರಬಂಧಕ್ಕೆ ‘ಸಂಭಾಷಣೆ’ ಕಾಲಂನಲ್ಲಿ ಸೊನ್ನೆ ಬಿದ್ದದ್ದನ್ನು ನಾನೇ ಕಂಡೆ. ಫ್ರಾನ್ಸಿನ ಪ್ರಬಂಧಕಾರ ಮಾಂಟೇನ್ 1580ರಲ್ಲಿ ತನ್ನ ಬರಹಗಳಿಗೆ ‘ಪ್ರಯತ್ನಗಳು’ ಎಂಬ ಅರ್ಥದ ಹೆಸರಿಟ್ಟ. ಯೋಚನೆ ಮಾಡುತ್ತ ಮಾಡುತ್ತಲೇ ದಾರಿ ಬದಲಿಸುವುದು ಆ ಪ್ರಕಾರದ ಹುಟ್ಟುಗುಣ, ಅಲ್ಲಿ ಸಂಭಾಷಣೆ ಯಾಕೆ ಬೇಕು? ಬೆಲಾರೂಸಿನ ಲೇಖಕಿ ಸ್ವೆಟ್ಲಾನಾ ಅಲೆಕ್ಸಿಯೆವಿಚ್‌ಗೆ 2015ರಲ್ಲಿ ನೊಬೆಲ್ ತಂದುಕೊಟ್ಟ ಪುಸ್ತಕಗಳಲ್ಲಿ ಹೆಚ್ಚಾಗಿ ಬೇರೆಯವರ ದನಿಗಳೇ ಒಂದರ ಪಕ್ಕ ಒಂದು ಕೂತಿವೆ. ನಿಮ್ಮ ‘ಲೇಖಕರ ಸ್ವಂತ ಶೈಲಿ’ ಕಾಲಂನಲ್ಲಿ ಅದಕ್ಕೆ ಎಷ್ಟು ಕೊಡುತ್ತೀರಿ? ಸಸ್ಯಶಾಸ್ತ್ರದ ಮೇಷ್ಟರು ಬಿ.ಜಿ.ಎಲ್. ಸ್ವಾಮಿ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿ ಬರೆದ ‘ಹಸುರು ಹೊನ್ನು’ ಕೃತಿಯನ್ನು ಪ್ರವಾಸ, ಪಾಠ, ಹರಟೆ ಯಾವ ಗೂಡಿನಲ್ಲಿಡಬೇಕೋ ಗೊತ್ತಿಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿ 1978ರಲ್ಲಿ ಅದನ್ನು ಗೂಡಿನ ಚಿಂತೆ ಮಾಡದೆ ಪುರಸ್ಕರಿಸಿತು.

ನಾನು ಓದಿದ ಇನ್ನೊಂದು ಬರಹವನ್ನು ‘ನಮೂನೆ ಪಾಲಿಸಿಲ್ಲ’ ಎಂದು ಪಕ್ಕಕ್ಕಿಟ್ಟಿರಿ. ಅದು ರೋಗಿಯೊಬ್ಬರ ಔಷಧದ ಪಟ್ಟಿಯ ರೂಪದಲ್ಲಿತ್ತು: ಮಾತ್ರೆಯ ಹೊತ್ತು, ಪ್ರಮಾಣ, ‘ಷರಾ’. ಕಥೆಯೆಲ್ಲ ಷರಾದಲ್ಲಿ. ಮೊದಮೊದಲು ‘ಊಟದ ನಂತರ’ ಎಂದಿದ್ದದ್ದು, ಆಮೇಲೆ ‘ಎದ್ದಿದ್ದರೆ’ ಆಗುತ್ತದೆ, ಕೊನೆಗೆ ಷರಾ ಖಾಲಿ. ಮೈ ಮೆತ್ತಗಿರುವ ಏಡಿಯೊಂದು ಖಾಲಿ ಶಂಖ ಹುಡುಕಿ ಅದರೊಳಗೆ ಬದುಕುತ್ತದಲ್ಲ, ಈ ಬಗೆಯ ಪ್ರಬಂಧಕ್ಕೆ ಇಂಗ್ಲಿಷಿನಲ್ಲಿ ಆ ಏಡಿಯ ಹೆಸರನ್ನೇ ಇಟ್ಟಿದ್ದಾರೆ. ನೇರವಾಗಿ ಹೇಳಿದರೆ ನೋಯುವುದನ್ನು ಇನ್ನೊಂದರ ಚಿಪ್ಪಿನಲ್ಲಿಟ್ಟು ಹೇಳುವ ಉಪಾಯ ಅದು. ಪ್ರಶ್ನಪತ್ರಿಕೆ, ಅರ್ಜಿ, ಪದಕೋಶ, ಯಾವ ಚಿಪ್ಪಾದರೂ ಆದೀತು. ಎರಡು ಮೂರು ಎಳೆಗಳನ್ನು ಜಡೆಯಂತೆ ಹೆಣೆಯುವ ಪ್ರಬಂಧಗಳೂ ನಾಲ್ಕು ಬಂದಿದ್ದವು. ಅವಕ್ಕೆಲ್ಲ ‘ವಿಷಯಾಂತರ’ ಎಂಬ ಒಂದೇ ಷರಾ ಬರೆದಿದ್ದೀರಿ.

ಇಷ್ಟು ಹೇಳಿದ ಮೇಲೆ ನನ್ನ ಕೋರಿಕೆಗಳನ್ನು ಮಂಡಿಸುತ್ತೇನೆ. ಮುಂದಿನ ಸಲದ ಪ್ರಕಟಣೆಯಲ್ಲಿ ‘ಕಥನೇತರ’ ಎಂಬ ಪದವನ್ನು ವಾಪಸು ತನ್ನಿ. ಏನು ಮಾಡಬಹುದು, ಏನು ಕೂಡದು ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ. ಖಾಸಗಿತನ ಕಾಯಲು ಹೆಸರು ಬದಲಿಸಿದರೆ ತಪ್ಪಿಲ್ಲ, ಹೇಳಿದರೆ ಸಾಕು. ಇಬ್ಬರು ಮೂವರನ್ನು ಸೇರಿಸಿ ಒಬ್ಬರನ್ನಾಗಿ ಮಾಡುವುದು, ಬೇರೆ ಬೇರೆ ದಿನಗಳನ್ನು ಒಂದೇ ದಿನಕ್ಕೆ ತರುವುದು, ಇವುಗಳ ಬಗ್ಗೆ ಬರಹಗಾರರಲ್ಲೇ ಒಮ್ಮತವಿಲ್ಲ. ನನಗಂತೂ ಇವು ಒಗ್ಗುವುದಿಲ್ಲ. ನೀವು ಒಪ್ಪುವುದಾದರೂ ಬರಹದೊಳಗೇ ಅದರ ಸುಳಿವು ಇರಬೇಕೆಂದು ಕೇಳಿ. ಇರದ ಮನುಷ್ಯ, ನಡೆಯದ ಘಟನೆ, ಆಡದ ಮಾತು, ಇವನ್ನು ನಿಜವೆಂದು ಕೊಡಬಾರದು. ಇದರಲ್ಲಿ ಮಾತ್ರ ರಾಜಿ ಬೇಡ. ಪ್ರತಿ ಬರಹದ ಜೊತೆ ಅರ್ಧ ಪುಟದ ಲೇಖಕರ ಟಿಪ್ಪಣಿ ತರಿಸಿಕೊಳ್ಳಿ: ಯಾವುದನ್ನು ಕಂಡದ್ದು, ಯಾರಿಂದ ಕೇಳಿದ್ದು, ಯಾವ ಕಾಗದ ನೋಡಿದ್ದು. ಪೊಲೀಸಗಿರಿ ಇದಲ್ಲ. ಟಿಪ್ಪಣಿ ಬರೆಯುವಾಗಲೇ ಅರ್ಧ ಜನ ತಮ್ಮ ಬರಹವನ್ನು ತಾವೇ ತಿದ್ದಿಕೊಳ್ಳುತ್ತಾರೆ.

ಅಂಕಪಟ್ಟಿಯನ್ನು ಪ್ರಕಾರಕ್ಕೆ ತಕ್ಕಂತೆ ಬೇರೆ ಮಾಡಿ. ಅದು ಕಷ್ಟವಾದರೆ ಪಟ್ಟಿಯನ್ನೇ ಬಿಟ್ಟು, ಪ್ರತಿ ತೀರ್ಪುಗಾರರೂ ಒಂದೊಂದು ಪುಟದ ಅಭಿಪ್ರಾಯ ಬರೆಯಲಿ. ಬರೆಯುವವರಿಂದ ಹನ್ನೊಂದು ಪುಟ ಕೇಳುವ ನಾವು ಒಂದು ಪುಟ ಬರೆಯಲಾರೆವೇ?

ಬಹುಮಾನಿತ ಬರಹಗಳ ಸಂಕಲನ ಅಚ್ಚಿಗೆ ಹೋಗುವ ಮುಂಚೆ, ಮೊದಲ ಬಹುಮಾನದ ಲೇಖಕರೊಂದಿಗೆ ಮಾತಾಡಿ. ವೇದಿಕೆಯ ಮೇಲೆ ಅವರು ಹೇಳಿದ ಆ ಮಾತನ್ನೇ ಬರಹದ ಆರಂಭಕ್ಕೆ ಸೇರಿಸಲು ಅವರು ಒಪ್ಪಿಯಾರು ಎಂದು ನನ್ನ ನಂಬಿಕೆ. ಬಹುಮಾನ ಹಿಂದಕ್ಕೆ ಪಡೆಯಿರಿ ಎಂದು ನಾನು ಕೇಳುತ್ತಿಲ್ಲ. ಚಿಕ್ಕಜ್ಜಿಯ ಬರಹಕ್ಕೆ ಸಂಬಂಧಿಸಿ ನನ್ನ ಕೋರಿಕೆ ಒಂದೇ. ಅದನ್ನು ಇನ್ನೊಮ್ಮೆ ಓದಿ, ಆ ಕೆಂಪು ಶಾಯಿಯ ಟಿಪ್ಪಣಿಯನ್ನು ಹಿಂತೆಗೆದುಕೊಂಡು ಲೇಖಕಿಗೆ ಎರಡು ಸಾಲು ಬರೆಯಿರಿ. ಅಂತೆಗಳನ್ನೆಲ್ಲ ತೆಗೆದು ಮತ್ತೆ ಬರೆಯುತ್ತಿದ್ದೇನೆ ಅಂತ ಆಕೆ ನನಗೆ ತಿಳಿಸಿದ್ದಾಳೆ. ತಡ ಮಾಡಬೇಡಿ.

ಮುಂದಿನ ಸಲವೂ ಮೊದಲ ಸುತ್ತು ಓದಿಕೊಡಬೇಕೆಂದು ಕೇಳಿದ್ದೀರಿ. ಹೊಸ ನಿಯಮಪತ್ರದ ಕರಡನ್ನು ಕಳಿಸಿ. ನೋಡಿ ಉತ್ತರಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮೊದಲ ಸುತ್ತಿನ ಓದುಗರಲ್ಲೊಬ್ಬ